ದಾಸೋಹದಲ್ಲಿ ಪಾತ್ರಾಪಾತ್ರ ವಿಚಾರ

ದಾಸೋಹವೆಂಬ ಶಬ್ದ ಇಂದು ಕನ್ನಡ ನಾಡಿನಲ್ಲಿ ಮನೆಮಾತಾಗಿದೆ. ಜಾತ್ರೆಯ ಪ್ರಸಾದ ಮಂಟಪಕ್ಕೆ ಆ ಹೆಸರಿದೆ. ವಿದ್ಯಾರ್ಥಿನಿಲಯದ ಪಾಕಶಾಲೆಗೂ ಅದೇ ಹೆಸರಿದೆ. ಶಬ್ದವೊಂದು ಹೀಗೆ ವ್ಯಾಪಕವಾದಂತೆ ಅದರ ಅರ್ಥ ಸಡಿಲವಾಗುವುದು ಸಹಜ. ಶರಣಸಾಹಿತ್ಯದ ಅಭ್ಯಾಸಿಗಳು ಸಹ ದಾಸೋಹವೆಂದರೆ ಬಡವರಿಗೆ ಮಾಡುವ ಅನ್ನದಾನವೆಂದು ಒಂದೇ ಮಾತಿನಲ್ಲಿ ಹೇಳಿ ಮುಂದೆ ಸಾಗುವುದುಂಟು. ಈ ಸಮೀಕರಣ ಎಷ್ಟರಮಟ್ಟಿಗೆ ಸರಿಯಾದುದು? ಹಸಿದು ಬಂದವನ ಯೋಗ್ಯತೆಯನ್ನು ವಿಚಾರಿಸದೆ ನೀಡುವುದು ಉದಾರತೆಯೋ, ಅವಿವೇಕವೋ? ವಿಚಾರಿಸಬಾರದೆಂದಾದರೆ ಕಾಯಕಕ್ಕೆ ಅಷ್ಟೊಂದು ಬೆಲೆ ಕೊಟ್ಟ ಶರಣರು ಸೋಮಾರಿತನಕ್ಕೂ ಕಪಟಕ್ಕೂ ಬಾಗಿಲು ತೆರೆದಂತಾಗಲಿಲ್ಲವೇ? ಈ ಪ್ರಶ್ನೆಗಳನ್ನು ವಚನಗಳ ಮತ್ತು ವೀರಶೈವ ಕಥನಕಾವ್ಯಗಳ ಆಧಾರದಿಂದ ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

೧

ದಾನದ ವಿವೇಚನೆ ನಮ್ಮ ಧರ್ಮಶಾಸ್ತ್ರಗಳಲ್ಲಿ ಬಹು ವಿಸ್ತಾರವಾಗಿ ನಡೆದಿದೆ. ದೇಶ, ಕಾಲ, ಪಾತ್ರ ಎಂಬ ಮೂರನ್ನು ನೋಡಿ ಕೊಡಬೇಕೆಂಬುದು ಅದರ ಸಾರ. ಭಗವದ್ಗೀತೆಯ ೧೭ನೆಯ ಅಧ್ಯಾಯದಲ್ಲಿ ದಾನವನ್ನು ಸಾತ್ತ್ವಿಕ, ರಾಜಸ, ತಾಮಸವೆಂದು ಮೂರು ಬಗೆಯಾಗಿ ವಿಂಗಡಿಸಲಾಗಿದೆ. ಪ್ರತ್ಯುಪಕಾರದ ಅಪೇಕ್ಷೆಯಿಲ್ಲದೆ ಯೋಗ್ಯನಾದವನಿಗೆ ಕೊಟ್ಟದ್ದು ಸಾತ್ತ್ವಿಕ. ಅಪಾತ್ರನಿಗೆ, ಆದರವಿಲ್ಲದೆ, ಅವಜ್ಞೆಯಿಂದ ಕೊಟ್ಟದ್ದು ತಾಮಸ. ಅವಜ್ಞೆಯನ್ನು ದೋಷಗಳಲ್ಲಿ ಎಣಿಸಿರುವುದು ಗಮನಾರ್ಹ. ಈ ವಿವೇಚನೆಯಲ್ಲಿ ಹುರುಳಿಲ್ಲವೆಂದು ಯಾರೂ ಹೇಳಲಾರರು. ಕೊಟ್ಟದ್ದು ಕೇಡಿಗೆ ಸಾಧನವಾಗಬಾರದೆಂಬ ಎಚ್ಚರ ಅದರ ಹಿಂದಿದೆ.

ಆದರೆ ಈ ಸೂತ್ರಕ್ಕೆ ಒಂದು ಅನಿವಾರ್ಯ ಪರಿಣಾಮವಿದೆ. ಪಾತ್ರನಾರು, ಅಪಾತ್ರನಾರು ಎಂದು ನಿರ್ಣಯಿಸುವ ಅಧಿಕಾರ ಕೊಡುವವನ ಕೈಗೆ ಬರುತ್ತದೆ. ಅವನು ದಾನಿಯಾಗುವ ಮೊದಲೇ ನ್ಯಾಯಾಧಿಪತಿಯಾಗುತ್ತಾನೆ. ಬೇಡಲು ಬಂದವನು ಮೊದಲು ತನ್ನ ಯೋಗ್ಯತೆಯನ್ನು ಸಿದ್ಧಪಡಿಸಿ ತೋರಿಸಬೇಕು, ಅನಂತರ ಅನ್ನ. ಯೋಗ್ಯತೆಯ ಅಳತೆಗೋಲಾಗಿ ಗುಣಕ್ಕಿಂತ ಹುಟ್ಟೇ ಮುಂದೆ ಬಂದ ಸಮಾಜದಲ್ಲಿ ಈ ಅಧಿಕಾರ ಹೇಗೆ ಬಳಕೆಯಾಯಿತೆಂಬುದನ್ನು ವಿವರಿಸಿ ಹೇಳಬೇಕಾದುದಿಲ್ಲ. ಹಸಿವೆಯಿದ್ದವನು ಹೊರಗುಳಿದು, ಹಸಿವೆಯಿಲ್ಲದವನು ಪಂಕ್ತಿಯ ಮೊದಲಿಗೆ ಕುಳಿತದ್ದು ನಮ್ಮ ಇತಿಹಾಸದ ಸತ್ಯ.

ದಾಸೋಹವೆಂಬ ಶಬ್ದವನ್ನು ಈ ಹಿನ್ನೆಲೆಯಲ್ಲಿಟ್ಟು ನೋಡಬೇಕು. ‘ದಾಸಃ ಅಹಂ’, ನಾನು ಸೇವಕ, ಎಂಬುದು ಅದರ ವ್ಯುತ್ಪತ್ತಿ. ದಾನವೆಂಬ ಪದ ಕೊಡುವ ಕ್ರಿಯೆಯನ್ನು ಹೇಳುತ್ತದೆ. ದಾಸೋಹವೆಂಬ ಪದ ಕೊಡುವವನ ಸ್ಥಿತಿಯನ್ನು ಹೇಳುತ್ತದೆ. ಕೊಳ್ಳುವವನ ವಿಷಯವಾಗಿ ಆ ಪದದಲ್ಲಿ ಒಂದಕ್ಷರವೂ ಇಲ್ಲ. ಅವನು ಬಡವನೋ ಬಲ್ಲಿದನೋ, ಸಜ್ಜನನೋ ದುರ್ಜನನೋ ಎಂಬುದು ಆ ಪದದ ವ್ಯಾಪ್ತಿಗೇ ಬರುವುದಿಲ್ಲ. ಒಡೆಯನ ಯೋಗ್ಯತೆಯನ್ನು ಪರೀಕ್ಷಿಸುವುದು ಆಳಿನ ಕೆಲಸವಲ್ಲವಷ್ಟೆ. ಶರಣರು ದಾನವೆಂಬ ರೂಢಿಯ ಮಾತಿನಿಂದ ತೃಪ್ತರಾಗದೆ ಈ ಪದವನ್ನು ತಮ್ಮ ಆಚಾರದ ನಡುಮನೆಯಲ್ಲಿ ಇಟ್ಟುಕೊಂಡದ್ದರ ಮರ್ಮ ಇಲ್ಲಿದೆ.

೨

ಬಂದವನ ಕುಲಗೋತ್ರಗಳನ್ನು ಪ್ರಶ್ನಿಸುವ ಪ್ರಸಂಗ ತನಗೆ ಬಾರದಿರಲೆಂದು ಅಣ್ಣನವರು ಸಂಗಮನಾಥನನ್ನು ಬೇಡಿಕೊಳ್ಳುವ ವಚನ ಶಾಲೆಯ ಮಕ್ಕಳಿಗೂ ಕಂಠಪಾಠವಾಗಿದೆ. ಅತಿಪರಿಚಯದಿಂದ ಅದರ ರಚನೆಯ ವಿಶೇಷ ನಮ್ಮ ಕಣ್ಣಿಗೆ ಬೀಳದೆ ಹೋಗಿದೆ. ಅದನ್ನು ಜಾತಿಸಮತೆಯ ಘೋಷಣೆಯೆಂದು ನಾವು ವೇದಿಕೆಗಳ ಮೇಲೆ ಉಚ್ಚರಿಸುತ್ತೇವೆ. ಆದರೆ ಆ ವಚನ ಲೋಕಕ್ಕೆ ಮಾಡಿದ ಉಪದೇಶವಾಗಿಲ್ಲ, ದೇವರಿಗೆ ಸಲ್ಲಿಸಿದ ಪ್ರಾರ್ಥನೆಯಾಗಿದೆ. ಪ್ರಾರ್ಥನೆ ಹುಟ್ಟುವುದು ತನ್ನ ಬಲದಿಂದ ಆಗಲಾರದೆಂಬ ಅರಿವಿನಿಂದ. ಎದುರಿಗೆ ನಿಂತವನನ್ನು ಯಾರೆಂದು ಕೇಳುವ ಚಪಲ ಮನುಷ್ಯನಲ್ಲಿ ಎಷ್ಟು ಆಳವಾಗಿ ಬೇರೂರಿದೆ ಎಂಬುದನ್ನು ಅಣ್ಣನವರು ಬಲ್ಲರು. ಅದನ್ನು ಗೆಲ್ಲಲು ದೇವರ ನೆರವು ಬೇಕೆಂಬಷ್ಟು ವಿನಯ ಅಲ್ಲಿದೆ. ದೋಷವನ್ನು ಹುಡುಕುವ ಕಣ್ಣು ಮೊದಲ ಹೆಜ್ಜೆಯಲ್ಲಿಯೇ ತನ್ನ ಕಡೆಗೆ ತಿರುಗಿದೆ.

ಇನ್ನೊಂದು ವಿಶೇಷವೂ ಉಂಟು. ಆ ವಚನ ಕೇವಲ ನಿಷೇಧದಲ್ಲಿ ನಿಲ್ಲುವುದಿಲ್ಲ. ಪ್ರಶ್ನೆಯನ್ನು ತೆಗೆದುಹಾಕಿದ ಸ್ಥಳದಲ್ಲಿ ಅದು ನಂಟನ್ನು ಇಡುತ್ತದೆ. ಬಂದವನನ್ನು ಮನೆಯ ಮಗನ ಸ್ಥಾನಕ್ಕೆ ಏರಿಸುತ್ತದೆ. ಮಗ ಉಣ್ಣಲು ಕುಳಿತಾಗ ಅವನ ಯೋಗ್ಯತೆಯನ್ನು ತೂಗಿ ನೋಡಿ ಬಡಿಸುವ ತಾಯಿಯಿಲ್ಲ. ದಾರಿ ತಪ್ಪಿದ ಮಗನಿಗೂ ಅವಳು ಬಡಿಸುತ್ತಾಳೆ. ಬೈದರೆ ಉಂಡ ಮೇಲೆ ಬೈಯುತ್ತಾಳೆ. ನಿರ್ಣಯವಿಲ್ಲದ ಕರುಣೆಗೆ ಶರಣರು ಕೊಟ್ಟ ಉಪಮಾನ ಹೀಗೆ ತತ್ತ್ವಶಾಸ್ತ್ರದಿಂದ ಬಾರದೆ ಅಡಿಗೆಮನೆಯಿಂದ ಬಂದಿದೆ.

ಇಲ್ಲಿ ಒಂದು ಸಂಶಯ ಏಳುತ್ತದೆ. ಬಸವಣ್ಣನವರ ದಾಸೋಹಕ್ಕೆ ವಿಷಯವಾದವನು ಜಂಗಮ, ಲಾಂಛನಧಾರಿಯಾದ ಶಿವಭಕ್ತ. ಅಂದಮೇಲೆ ಅದನ್ನು ದೀನದಲಿತರೆಲ್ಲರಿಗೆ ಸಲ್ಲುವ ಕರುಣೆಯೆಂದು ಹೇಳುವುದು ಆಧುನಿಕರ ಆರೋಪವಲ್ಲವೇ ಎಂದು ಕೇಳಬಹುದು. ಆಕ್ಷೇಪ ತೂಕವುಳ್ಳದ್ದು, ಅದನ್ನು ತಳ್ಳಿಹಾಕಿ ಮುಂದೆ ಹೋಗುವುದು ವಿಮರ್ಶೆಯ ಧರ್ಮವಲ್ಲ. ವಚನಗಳಲ್ಲಿ ಜಂಗಮನಿಗೆ ಸಲ್ಲುವ ಪೂಜ್ಯತೆ ಸ್ಪಷ್ಟವಾಗಿಯೇ ಇದೆ. ಆದರೆ ಜಂಗಮನನ್ನು ಅಣ್ಣನವರು ಗುರುತಿಸುವುದು ಯಾವ ಲಕ್ಷಣದಿಂದ ಎಂಬುದನ್ನೂ ನೋಡಬೇಕು.

ಕಲ್ಲಿನ ನಾಗನಿಗೆ ಹಾಲೆರೆದು ಜೀವಂತ ನಾಗನನ್ನು ಹೊಡೆಯಹೊರಡುವವರ ವಿಡಂಬನೆಯ ವಚನ ಎಲ್ಲರಿಗೂ ತಿಳಿದದ್ದು. ಅದರಲ್ಲಿ ಲಿಂಗಕ್ಕೂ ಜಂಗಮನಿಗೂ ಇರುವ ಭೇದವನ್ನು ಊಟವೆಂಬ ಒಂದೇ ಕ್ರಿಯೆಯಿಂದ ಹೇಳಲಾಗಿದೆ. ಒಂದು ಉಣ್ಣದು, ಇನ್ನೊಬ್ಬ ಉಣ್ಣುತ್ತಾನೆ. ಉಣ್ಣಲಾರದುದರ ಮುಂದೆ ಎಡೆಯಿಟ್ಟು ಉಣ್ಣಬಲ್ಲವನನ್ನು ಬಾಗಿಲಿನಿಂದ ಕಳುಹಿಸುವ ಭಕ್ತಿಯನ್ನು ಅಣ್ಣನವರು ನಗೆಗೀಡು ಮಾಡುತ್ತಾರೆ. ಜಂಗಮನಿಗೆ ಇಲ್ಲಿ ವಿದ್ಯೆಯ ವಿಶೇಷಣವಿಲ್ಲ, ತಪಸ್ಸಿನ ವಿಶೇಷಣವಿಲ್ಲ, ಶೀಲದ ವಿಶೇಷಣವೂ ಇಲ್ಲ, ಇರುವುದು ಹಸಿವೊಂದೇ. ಶಿವನು ಹಸಿವಿನ ರೂಪದಿಂದ ಬಾಗಿಲಿಗೆ ಬಂದಾಗ ಅವನೇ ಜಂಗಮ. ಈ ದೃಷ್ಟಿಯನ್ನು ಅಂಗೀಕರಿಸಿದರೆ ಲಾಂಛನದ ಗಡಿ ತಾನಾಗಿ ಕರಗತೊಡಗುತ್ತದೆ. ವಚನಕಾರರೆಲ್ಲರೂ ಎಲ್ಲ ಕಡೆಗಳಲ್ಲಿಯೂ ಆ ಗಡಿಯನ್ನು ದಾಟಿದರೆಂದು ನಾವು ಹೇಳಬೇಕಾಗಿಲ್ಲ. ದಾಟುವ ದಾರಿ ಅವರ ಮಾತಿನೊಳಗೇ ಇದೆಯೆಂಬುದು ಸಾಕು.

೩

ಸಿದ್ಧಾಂತದ ನಿಜವಾದ ಪರೀಕ್ಷೆ ಸಜ್ಜನನು ಬಂದಾಗ ಆಗುವುದಿಲ್ಲ, ಕಳ್ಳನು ಬಂದಾಗ ಆಗುತ್ತದೆ. ಶರಣಸಾಹಿತ್ಯ ಈ ಪರೀಕ್ಷೆಯಿಂದ ತಪ್ಪಿಸಿಕೊಂಡಿಲ್ಲ.

ಬಸವಪುರಾಣ ಪರಂಪರೆಯಲ್ಲಿ ಪ್ರಸಿದ್ಧವಾದ ಕಥೆಯೊಂದಿದೆ. ಮಹಾಮನೆಯ ಸತ್ಕಾರದ ಆಸೆಯಿಂದ ಕೆಲವರು ಕಪಟವೇಷ ಧರಿಸಿ, ಲಿಂಗದ ಬದಲು ಬದನೆಯ ಕಾಯಿಯನ್ನು ವಸ್ತ್ರದಲ್ಲಿ ಕಟ್ಟಿಕೊಂಡು ಬರುತ್ತಾರೆ. ಬಸವಣ್ಣನವರು ಅವರನ್ನು ನಿಜಭಕ್ತರೆಂದೇ ಬರಮಾಡಿಕೊಳ್ಳುತ್ತಾರೆ. ಅವರ ನಿಷ್ಠೆಯ ಮಹಿಮೆಯಿಂದ ಬದನೆಯ ಕಾಯಿ ಲಿಂಗವಾಗುತ್ತದೆ. ಪಾಲ್ಕುರಿಕೆ ಸೋಮನಾಥನ ತೆಲುಗು ಕೃತಿಯಿಂದಲೂ ಅದನ್ನು ಅನುಸರಿಸಿ ೧೩೬೯ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣದಿಂದಲೂ ಬಲಗೊಂಡ ಈ ಪರಂಪರೆಗೆ ಪವಾಡ ಪ್ರಾಣಪ್ರಾಯವಾದುದು. ಕಥೆಯ ಸ್ವಾರಸ್ಯವನ್ನು ಒಪ್ಪಿಕೊಂಡೇ ಒಂದು ಮಾತನ್ನು ಹೇಳಬೇಕು. ಇಲ್ಲಿ ಪವಾಡ ನಡೆದ ಕೂಡಲೆ ಪಾತ್ರಾಪಾತ್ರದ ಪ್ರಶ್ನೆ ಪರಿಹಾರವಾಗಿಬಿಡುತ್ತದೆ. ಅಪಾತ್ರನು ಪಾತ್ರನಾಗುತ್ತಾನೆ, ಕೊಟ್ಟದ್ದು ಸಾರ್ಥಕವಾಗುತ್ತದೆ, ಓದುಗನ ಮನಸ್ಸಿಗೆ ಸಮಾಧಾನವಾಗುತ್ತದೆ. ಬದನೆ ಬದನೆಯಾಗಿಯೇ ಉಳಿದಿದ್ದರೆ ಬಸವಣ್ಣನವರು ಮಾಡಿದ್ದು ಸರಿಯೋ ತಪ್ಪೋ ಎಂಬ ಪ್ರಶ್ನೆಯನ್ನು ಪುರಾಣ ಕೇಳುವುದಿಲ್ಲ.

ಆ ಪ್ರಶ್ನೆಯನ್ನು ಎದುರಿಸುವುದು ವಚನ. ತುರುಗಳ್ಳರ ಪ್ರಸಂಗದ ವಚನವನ್ನು ಇಲ್ಲಿ ನೆನೆಯಬಹುದು. ಹಸುಗಳನ್ನು ಕಳ್ಳರು ಹೊಡೆದುಕೊಂಡು ಹೋದಾಗ ಮನೆಯವರು ಬೊಬ್ಬೆಯಿಡುತ್ತಾರೆ. ಅಣ್ಣನವರು ಅವರನ್ನು ಸುಮ್ಮನಿರಿಸುತ್ತಾರೆ. ಆ ಹಾಲು ಯಾರ ಮನೆಯಲ್ಲಿ ಯಾರ ಹೊಟ್ಟೆಯನ್ನು ಸೇರಿದರೂ ಅಲ್ಲಿ ತಣಿಯುವವನು ತಮ್ಮ ಸಂಗಮನಾಥನೇ ಎಂಬ ಏಕಭಾವ ಅವರದು. ಐತಿಹ್ಯ ಇದನ್ನು ಇನ್ನೂ ಮುಂದಕ್ಕೆ ಒಯ್ದು, ತಾಯಿಯನ್ನು ಅಗಲಿದ ಕರುಗಳು ಕೂಗಬಾರದೆಂದು ಅವುಗಳನ್ನೂ ಕಳ್ಳರಿಗೆ ಒಪ್ಪಿಸಿದರೆಂದು ಹೇಳುತ್ತದೆ. ವಚನದಲ್ಲಿ ಪವಾಡವಿಲ್ಲ. ಕಳ್ಳರು ಪಶ್ಚಾತ್ತಾಪಪಟ್ಟು ಹಿಂದಿರುಗಿದರೆಂಬ ಮಾತಿಲ್ಲ, ಅವರು ದೀಕ್ಷೆ ಪಡೆದರೆಂಬ ಮಾತೂ ಇಲ್ಲ. ಕಳ್ಳನು ಕಳ್ಳನಾಗಿಯೇ ಉಳಿಯುತ್ತಾನೆ. ಬದಲಾದದ್ದು ಕಳೆದುಕೊಂಡವನ ದೃಷ್ಟಿ ಮಾತ್ರ. ಫಲದಿಂದ ಸಮರ್ಥನೆಯನ್ನು ಬೇಡದ ಈ ಔದಾರ್ಯ ಪುರಾಣದ ಔದಾರ್ಯಕ್ಕಿಂತ ಕಠಿನತರವಾದುದು; ಕಾವ್ಯದೃಷ್ಟಿಯಿಂದಲೂ ಉನ್ನತತರವಾದುದು. ೧೯೨೩ರಲ್ಲಿ ಫ. ಗು. ಹಳಕಟ್ಟಿಯವರು ವಚನಶಾಸ್ತ್ರಸಾರವನ್ನು ಪ್ರಕಟಿಸಿದಂದಿನಿಂದ, ೧೯೯೩ರ ಸಮಗ್ರ ವಚನ ಸಂಪುಟಗಳವರೆಗೆ, ವಚನವನ್ನು ಪುರಾಣದ ಆವರಣದಿಂದ ಬಿಡಿಸಿ ಸ್ವತಂತ್ರವಾಗಿ ಓದುವ ಅವಕಾಶ ನಮಗೆ ದೊರಕಿದೆ. ಈ ವ್ಯತ್ಯಾಸವನ್ನು ಗುರುತಿಸದಿದ್ದರೆ ಆ ಅವಕಾಶ ವ್ಯರ್ಥವಾದಂತೆ.

ಹಾಗೆಂದು ಕಥನಕಾವ್ಯಗಳನ್ನು ಕೈಬಿಡಬೇಕಾಗಿಲ್ಲ. ಹರಿಹರನ ಇಳೆಯಾಂಡಗುಡಿಮಾರನ ರಗಳೆಯ ವಸ್ತುವನ್ನು ನೆನೆದುಕೊಳ್ಳಿ. ತಮಿಳಿನ ಪೆರಿಯಪುರಾಣದಲ್ಲಿ ಸೇಕ್ಕಿಳಾರರೂ ಹಾಡಿದ ಕಥೆಯದು. ಉಳ್ಳವನಾಗಿದ್ದ ಒಕ್ಕಲಿಗ ಅತಿಥಿಸತ್ಕಾರ ಮಾಡಿ ಮಾಡಿ ಬಡವನಾಗಿದ್ದಾನೆ. ಮಳೆಗಾಲದ ನಡುರಾತ್ರಿಯಲ್ಲಿ ಹಸಿದವನೊಬ್ಬ ಬಾಗಿಲು ತಟ್ಟುತ್ತಾನೆ. ಮನೆಯಲ್ಲಿ ಒಂದು ಹಿಡಿ ಧಾನ್ಯವಿಲ್ಲ. ಹೆಂಡತಿಯ ಸೂಚನೆಯಂತೆ ಅವನು ಕತ್ತಲೆಯಲ್ಲಿ ಗದ್ದೆಗೆ ಹೋಗಿ, ಬಿತ್ತಿದ ಬೀಜವನ್ನೇ ಬಳಿದು ತಂದು ಅಡಿಗೆ ಮಾಡಿಸುತ್ತಾನೆ. ಬೀಜವೆಂದರೆ ಮುಂದಿನ ವರ್ಷದ ಅನ್ನ. ಬಂದವನು ಯಾರು, ಇಷ್ಟು ಹೊತ್ತಿನಲ್ಲಿ ಏಕೆ ಬಂದ ಎಂದು ಕೇಳುವುದಕ್ಕೆ ಇದಕ್ಕಿಂತ ಯೋಗ್ಯವಾದ ಸಮಯ ಬೇರೊಂದಿರಲಾರದು. ಆದರೂ ಗಂಡಹೆಂಡಿರ ಮಾತುಕತೆಯೆಲ್ಲ ಅಡಿಗೆಯ ಸುತ್ತ ಸುತ್ತುತ್ತದೆ; ಅತಿಥಿಯ ಗುರುತಿನ ಸುತ್ತ ಸುತ್ತುವುದಿಲ್ಲ. ಕೊನೆಗೆ ಬಂದವನು ಶಿವನೆಂದು ತಿಳಿಯುತ್ತದೆ, ನಿಜ. ಆದರೆ ಗದ್ದೆಯ ಕೆಸರಿನಲ್ಲಿ ಕೈಯಾಡಿಸುತ್ತಿದ್ದಾಗ ಮಾರನಿಗೆ ಅದು ತಿಳಿದಿರಲಿಲ್ಲ. ಕಾವ್ಯದ ಜೀವಾಳವಿರುವುದು ಆ ತಿಳಿಯದ ಗಳಿಗೆಯಲ್ಲಿ.

೪

ಇಷ್ಟರಿಂದ ಶರಣರು ವಿಚಾರವನ್ನೇ ತೊರೆದರು, ನೀಡುವ ಕೈಗೆ ಕಣ್ಣಿರಬೇಕಾಗಿಲ್ಲವೆಂದರು ಎಂದು ಭಾವಿಸಿದರೆ ಅದು ಅರ್ಧಸತ್ಯವಾಗುತ್ತದೆ. ವಿಚಾರವನ್ನು ಅವರು ತೊರೆಯಲಿಲ್ಲ. ಅದರ ದಿಕ್ಕನ್ನು ಬದಲಿಸಿದರು. ಕೊಳ್ಳುವವನ ಮೇಲೆ ನೆಟ್ಟಿದ್ದ ದೃಷ್ಟಿಯನ್ನು ಕೊಡುವವನ ಮೇಲೆ ನೆಟ್ಟರು. ಈ ಧನ ಎಲ್ಲಿಂದ ಬಂತು? ಯಾವ ಮನಸ್ಸಿನಿಂದ ಬಂತು? ಎಂಬ ಎರಡು ಪ್ರಶ್ನೆಗಳನ್ನು ಅವರು ದಾನಿಗೆ ಕೇಳಿದರು.

ಮೊದಲನೆಯ ಪ್ರಶ್ನೆ ಬಸವಣ್ಣನವರನ್ನೂ ಬಿಟ್ಟಿಲ್ಲ. ಬಿಜ್ಜಳನ ಭಂಡಾರಿಯಾಗಿದ್ದ ಅವರು ಅರಸನ ಬೊಕ್ಕಸವನ್ನು ಜಂಗಮರಿಗೆ ಸೂರೆಮಾಡುತ್ತಿದ್ದಾರೆಂಬ ದೂರು ಹೋಯಿತೆಂದೂ, ಪರೀಕ್ಷಿಸಿ ನೋಡಿದಾಗ ಭಂಡಾರ ಕುಂದಿಲ್ಲದೆ ಇದ್ದಿತೆಂದೂ ಬಸವಪುರಾಣಾದಿಗಳು ಹೇಳುತ್ತವೆ. ಇದನ್ನೂ ಪವಾಡವೆಂದು ಓದುವ ರೂಢಿಯಿದೆ. ಆದರೆ ಲೆಕ್ಕ ಕೇಳಿದಾಗ ಲೆಕ್ಕ ಒಪ್ಪಿಸಲೇಬೇಕು ಎಂಬ ನೀತಿ ಅದರ ಒಡಲಲ್ಲಿದೆ. ಅನ್ಯರ ಧನದಿಂದ ಉದಾರಿಯಾಗುವುದು ದಾಸೋಹವಲ್ಲ. ಉಣ್ಣುವವನನ್ನು ಪರೀಕ್ಷಿಸಬಾರದು, ಉಣಿಸುವವನ ಗಂಟನ್ನು ಪರೀಕ್ಷಿಸಬಹುದು. ಕಾಯಕದ ಶುದ್ಧಿಯಿಂದ ಬಂದದ್ದು ಮಾತ್ರ ಪ್ರಸಾದವಾಗಲು ಯೋಗ್ಯವೆಂಬ ತತ್ತ್ವ ಕಾಯಕ-ದಾಸೋಹಗಳನ್ನು ಒಂದೇ ನಾಣ್ಯದ ಎರಡು ಮುಖಗಳನ್ನಾಗಿ ಮಾಡಿದೆ.

ಎರಡನೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮವಾದುದು. ಅದನ್ನು ಕೇಳಿದವರು ವಿದ್ವಾಂಸರಲ್ಲ, ಪೀಠಾಧಿಪತಿಗಳೂ ಅಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ಬದುಕುತ್ತಿದ್ದ ದಂಪತಿಗಳು. ಗೂಳೂರು ಸಿದ್ಧವೀರಣ್ಣೊಡೆಯರ ಶೂನ್ಯಸಂಪಾದನೆಯಲ್ಲಿ ಬರುವ ಆಯ್ದಕ್ಕಿ ಮಾರಯ್ಯ-ಲಕ್ಕಮ್ಮನವರ ಪ್ರಸಂಗವನ್ನು ನಾನು ಈ ವಿಷಯದಲ್ಲಿ ಕನ್ನಡ ಸಾಹಿತ್ಯದ ಅತ್ಯಂತ ದಿಟ್ಟ ಸಂದರ್ಭವೆಂದು ಎಣಿಸುತ್ತೇನೆ. ಪ್ರಭುದೇವರೊಡನೆ ಅನುಭಾವದಲ್ಲಿ ಮೈಮರೆತಿದ್ದ ಮಾರಯ್ಯನವರಿಗೆ ಲಕ್ಕಮ್ಮನವರು ಕಾಯಕದ ಹೊತ್ತು ಮೀರುತ್ತಿದೆಯೆಂದು ನೆನಪಿಸುತ್ತಾರೆ. ಮಾರಯ್ಯನವರು ಓಡಿಹೋಗಿ, ಎಂದಿಗಿಂತ ಹೆಚ್ಚು ಅಕ್ಕಿಯನ್ನು ಮಹಾಮನೆಯ ಅಂಗಳದಿಂದ ಆಯ್ದು ತರುತ್ತಾರೆ. ಗಂಟನ್ನು ಕಂಡ ಲಕ್ಕಮ್ಮನವರು ಹಿಗ್ಗುವುದಿಲ್ಲ. ಈ ಹೆಚ್ಚಳ ಬಂದದ್ದು ಗಂಡನ ಮನಸ್ಸಿನಿಂದಲೋ, ಬಸವಣ್ಣನವರ ಮನಸ್ಸಿನ ಶಂಕೆಯಿಂದಲೋ ಎಂದು ಪ್ರಶ್ನಿಸುತ್ತಾರೆ. ದಿನದ ಅಳತೆಗೆ ಮೀರಿದ್ದು ತಮ್ಮ ಅಮರೇಶ್ವರಲಿಂಗಕ್ಕೆ ಸಲ್ಲದೆಂದು ಹೇಳಿ, ಹೆಚ್ಚಿನದನ್ನು ತಂದಲ್ಲಿಯೇ ಸುರಿದು ಬರಲು ಹೇಳುತ್ತಾರೆ.

ಈ ಪ್ರಸಂಗವನ್ನು ಆಸೆಯ ನಿರಾಕರಣೆಯೆಂದು, ಪರಿಮಿತ ಜೀವನದ ಆದರ್ಶವೆಂದು ವಿದ್ವಾಂಸರು ವಿವರಿಸಿದ್ದಾರೆ. ಅದು ಸರಿಯಾದುದೇ. ಆದರೆ ಗಂಡನ ಆಸೆಯನ್ನು ಶಂಕಿಸಿದ ಲಕ್ಕಮ್ಮನವರು ಅಷ್ಟಕ್ಕೇ ನಿಲ್ಲದೆ ಬಸವಣ್ಣನವರನ್ನೂ ಶಂಕಿಸಿದ್ದೇಕೆ? ಅಂಗಳದಲ್ಲಿ ಅಕ್ಕಿ ಎಂದಿಗಿಂತ ಹೆಚ್ಚಾಗಿ ಬಿದ್ದಿದ್ದರೆ, ಈ ದಂಪತಿಗಳಿಗೆ ಇಷ್ಟು ಸಾಲದು ಎಂದು ಯಾರೋ ಮನಸ್ಸಿನಲ್ಲಿ ತೀರ್ಮಾನಿಸಿದ್ದಾರೆಂದು ಅರ್ಥ. ಇವರು ಬಡವರು ಎಂಬ ತೀರ್ಪು ಆ ಹೆಚ್ಚಿನ ಹಿಡಿಯಲ್ಲಿ ಅಡಗಿದೆ. ಲಕ್ಕಮ್ಮನವರು ತಿರಸ್ಕರಿಸಿದ್ದು ಅಕ್ಕಿಯನ್ನಲ್ಲ, ಆ ತೀರ್ಪನ್ನು. ಬಡತನ ಮನಸ್ಸಿನದು, ಶುದ್ಧವಾದ ಮನಸ್ಸುಳ್ಳ ಕಾಯಕಜೀವಿಗೆ ಬಡತನವೆಂಬುದೇ ಇಲ್ಲ ಎಂಬ ಆಕೆಯ ನಿಲುವಿಗೆ ಈ ಹಿನ್ನೆಲೆಯಲ್ಲಿ ಹೊಸ ಬೆಳಕು ಬೀಳುತ್ತದೆ.

ಅಪಾತ್ರನೆಂದು ಕೊಡದಿರುವುದರಲ್ಲಿ ತೀರ್ಪಿರುವುದು ಎಲ್ಲರಿಗೂ ಕಾಣುತ್ತದೆ. ಅಯ್ಯೋ ಪಾಪವೆಂದು ಕೊಡುವುದರಲ್ಲಿಯೂ ತೀರ್ಪಿದೆ ಎಂಬುದು ಲಕ್ಕಮ್ಮನವರಿಗೆ ಮಾತ್ರ ಕಂಡಿತು. ಆ ಕಾಣ್ಕೆ ಉಣ್ಣುವ ಕಡೆಯಲ್ಲಿ ಕುಳಿತವರಿಗಲ್ಲದೆ ಉಣಿಸುವ ಕಡೆಯಲ್ಲಿ ನಿಂತವರಿಗೆ ಸುಲಭವಾಗಿ ಒದಗುವುದಿಲ್ಲ. ಸಾಕ್ಷಾತ್ ಬಸವಣ್ಣನವರ ಮನಸ್ಸನ್ನೇ ಒರೆಗೆ ಹಚ್ಚುವ ಈ ಮಾತನ್ನು ಶೂನ್ಯಸಂಪಾದನಕಾರರು ಮರೆಮಾಚದೆ ಉಳಿಸಿಕೊಂಡದ್ದು ಅವರ ದೊಡ್ಡತನ.

ಮೋಳಿಗೆಯ ಮಾರಯ್ಯನವರ ಪ್ರಸಂಗ ಇದಕ್ಕೆ ಜೊತೆಯಾಗಿದೆ. ಕಾಶ್ಮೀರದ ರಾಜ್ಯವನ್ನು ಬಿಟ್ಟು ಬಂದು, ಕಲ್ಯಾಣದಲ್ಲಿ ಕಟ್ಟಿಗೆಯ ಹೊರೆ ಮಾರಿ ಜಂಗಮದಾಸೋಹ ನಡೆಸುತ್ತಿದ್ದ ಶರಣರೆಂದು ಪರಂಪರೆ ಅವರನ್ನು ನೆನೆಯುತ್ತದೆ. ಬಸವಣ್ಣನವರು ಜಂಗಮವೇಷದಿಂದ ಅವರ ಮನೆಗೆ ಹೋಗಿ, ಮಾರಯ್ಯನವರು ಇಲ್ಲದ ಹೊತ್ತಿನಲ್ಲಿ ಅವರ ಪತ್ನಿ ಮಹಾದೇವಿಯಮ್ಮನವರು ನೀಡಿದ ಅಂಬಲಿಯನ್ನು ಸವಿದು, ಹೊನ್ನನ್ನು ಗುಟ್ಟಾಗಿ ಇಟ್ಟು ಬರುತ್ತಾರೆ. ಮನೆಗೆ ಬಂದ ಮಾರಯ್ಯನವರು ಅದನ್ನು ಕಂಡು ನೊಂದುಕೊಳ್ಳುತ್ತಾರೆ. ಆ ಹೊನ್ನನ್ನು ತಮ್ಮದಾಗಿ ಇಟ್ಟುಕೊಳ್ಳುವುದಿಲ್ಲ. ಅವರು ಜಂಗಮರಿಗೆ ಕೊಟ್ಟ ಕಟ್ಟಿಗೆಯೇ ಹೊನ್ನಾಯಿತೆಂದು ಕಥೆ ಮುಂದುವರಿಯುತ್ತದೆ. ಈ ಪವಾಡದ ಧ್ವನಿ ಬದನೆಯ ಕಾಯಿಯ ಪವಾಡದ ಧ್ವನಿಗಿಂತ ಭಿನ್ನವಾಗಿದೆ. ಅಲ್ಲಿ ಪವಾಡ ಕೊಡುವವನನ್ನು ಸಮರ್ಥಿಸಿತು. ಇಲ್ಲಿ ಕೊಡುವವನನ್ನು ತಿದ್ದಿತು. ಉಪಕಾರ ಗುಟ್ಟಾಗಿದ್ದರೆ ಸಾಕು, ಅದು ನಿರಹಂಕಾರವಾದುದು ಎಂದು ನಾವು ನಂಬುತ್ತೇವೆ. ಗುಟ್ಟಾಗಿ ಇಟ್ಟ ಗಂಟು ಸಹ ಪಡೆದವನ ಅಭಿಮಾನವನ್ನು ಇರಿಯಬಲ್ಲುದೆಂದು ಈ ಪ್ರಸಂಗ ಎಚ್ಚರಿಸುತ್ತದೆ. ಬಸವಣ್ಣನವರಂಥವರಿಗೂ ಈ ಪಾಠ ಬೇಕಾಯಿತೆಂದು ಹೇಳುವಲ್ಲಿ ಶರಣಪರಂಪರೆ ತನ್ನ ಮಹಾಪುರುಷನನ್ನು ಕುಗ್ಗಿಸಿಲ್ಲ. ಪಾಠ ಕಲಿಯಬಲ್ಲಷ್ಟು ಹಿರಿಯನನ್ನಾಗಿ ಮಾಡಿದೆ.

೫

ಈಗ ಇನ್ನೊಂದು ತೊಡಕನ್ನು ಬಿಡಿಸಬೇಕು. ನಿರ್ಣಯವಿಲ್ಲದ ಕರುಣೆ ಶರಣರ ನಿಲುವಾದರೆ, ಅಂಬಿಗರ ಚೌಡಯ್ಯನವರ ವಚನಗಳ ಕಟುತ್ವಕ್ಕೆ ಏನು ಹೇಳೋಣ? ಹೊಟ್ಟೆಯ ಪಾಡಿಗಾಗಿ ವೇಷ ತೊಟ್ಟವರನ್ನು ಅವರು ಬೈದಷ್ಟು ನಿರ್ದಾಕ್ಷಿಣ್ಯವಾಗಿ ಬೇರೆ ಯಾರೂ ಬೈದಿಲ್ಲ. ಬಸವಣ್ಣನವರ ವಚನಗಳಲ್ಲಿಯೂ ಡಾಂಭಿಕ ಭಕ್ತಿಯ ಖಂಡನೆ ಹೇರಳವಾಗಿದೆ. ಶೂನ್ಯಸಂಪಾದನೆಯ ನುಲಿಯ ಚಂದಯ್ಯನವರಂತೂ ಕಾಯಕದಿಂದ ಲಿಂಗಕ್ಕೂ ವಿನಾಯಿತಿಯಿಲ್ಲವೆನ್ನುವಷ್ಟು ನಿಷ್ಠುರರು. ಇದು ಪರಸ್ಪರ ವಿರೋಧವಲ್ಲವೇ?

ವಿರೋಧ ತೋರಿಕೆಯದು. ಆಚಾರವನ್ನು ವಿಮರ್ಶಿಸುವ ಸ್ಥಳ ಬೇರೆ, ಅನ್ನವನ್ನು ಬಡಿಸುವ ಸ್ಥಳ ಬೇರೆ ಎಂಬ ವಿವೇಕವನ್ನು ಈ ಸಾಹಿತ್ಯ ಒಟ್ಟಾರೆಯಾಗಿ ಪಾಲಿಸಿದೆ. ಅನುಭಾವಗೋಷ್ಠಿಯಲ್ಲಿ ಮಾತು ಕತ್ತಿಯಂತಿದೆ. ಪ್ರಭುದೇವರು ಯಾರನ್ನೂ ಬಿಡುವುದಿಲ್ಲ, ಬಸವಣ್ಣನವರನ್ನು ಮೊದಲ್ಗೊಂಡು. ಆದರೆ ಮಹಾಮನೆಯ ಪಂಕ್ತಿಯಲ್ಲಿ ಆ ಕತ್ತಿ ಒರೆಯಿಂದ ಹೊರಬರುವುದಿಲ್ಲ. ನಾವು ಬಹಳ ಸಲ ಇದನ್ನು ತಿರುವುಮುರುವು ಮಾಡುತ್ತೇವೆ. ಸಭೆಯಲ್ಲಿ ದಾಕ್ಷಿಣ್ಯದಿಂದ ಸುಮ್ಮನಿರುತ್ತೇವೆ. ಹಸಿದವನು ಕೈಯೊಡ್ಡಿದಾಗ ಅವನಿಗೆ ನೀತಿಬೋಧೆ ಮಾಡುತ್ತೇವೆ. ಬಲವುಳ್ಳವನ ಎದುರು ಮೌನ, ಬಲವಿಲ್ಲದವನ ಎದುರು ವಿಮರ್ಶೆ. ಶರಣರದು ಇದಕ್ಕೆ ನೇರವಾಗಿ ವಿರುದ್ಧವಾದ ಕ್ರಮ.

ಮನೆಗೆ ಬಂದವರ ಕ್ಷೇಮವನ್ನು ಕೇಳಿ, ಕುಳಿತುಕೊಳ್ಳಿರೆಂದು ಹೇಳುವುದಕ್ಕೂ ಜಿಪುಣತನ ತೋರುವವರನ್ನು ಅಣ್ಣನವರು ಒಂದು ವಚನದಲ್ಲಿ ಪರಿಹಾಸ ಮಾಡುತ್ತಾರೆ. ಅಂಥ ಒಂದು ಮಾತಿನಿಂದ ಸಿರಿ ಹಾರಿಹೋಗುವುದೇ, ನೆಲ ಕುಸಿಯುವುದೇ ಎಂಬ ಧಾಟಿಯ ಪ್ರಶ್ನೆಗಳಲ್ಲಿ ವ್ಯಂಗ್ಯ ತುಂಬಿದೆ. ಕೊಡಲು ಏನೂ ಇಲ್ಲದವನಿಗೂ ಕೊಡಲು ಒಂದು ಮಾತಿದೆ, ಒಂದು ಆಸನವಿದೆ ಎಂಬುದು ಅದರ ತಾತ್ಪರ್ಯ. ಔದಾರ್ಯವನ್ನು ಧನಿಕರ ಸ್ವತ್ತಾಗದಂತೆ ಕಾಪಾಡಿದ ವಚನವಿದು. ಅನ್ನ ನೀಡಿ ಮುಖ ಸಿಂಡರಿಸುವವನಿಗಿಂತ ಮುಖವರಳಿಸಿ ಅಂಬಲಿ ನೀಡುವವನು ದಾಸೋಹಕ್ಕೆ ಹತ್ತಿರದವನು.

ಈ ಎಲ್ಲ ವಿವೇಚನೆಗೆ ಕಳಸದಂತಿರುವುದು ಶೂನ್ಯಸಂಪಾದನೆಯ ಪ್ರಭುದೇವರ ಆರೋಗಣೆಯ ಪ್ರಸಂಗ. ಅಸಂಖ್ಯಾತ ಜಂಗಮರಿಗಾಗಿ ಸಿದ್ಧವಾದ ಅಡಿಗೆಯನ್ನೆಲ್ಲ ಪ್ರಭುದೇವರೊಬ್ಬರೇ ಆರೋಗಿಸಿದರೂ ಅವರ ಹಸಿವು ತಣಿಯುವುದಿಲ್ಲ. ಕೊನೆಗೆ ಬಸವಣ್ಣನವರು ತಮ್ಮನ್ನೇ ನೈವೇದ್ಯವಾಗಿ ಒಪ್ಪಿಸಿಕೊಂಡಾಗ ತೃಪ್ತಿಯುಂಟಾಗುತ್ತದೆ. ಪದಾರ್ಥ ಎಷ್ಟೇ ಇದ್ದರೂ ನೀಡುವ ‘ನಾನು’ ಉಳಿದಿರುವ ತನಕ ದಾಸೋಹ ಪೂರ್ಣವಾಗದೆಂಬುದು ಇದರ ಅನುಭಾವಾರ್ಥ. ನಾನೆಂಬುದು ಹೋದಮೇಲೆ ತೀರ್ಪು ಕೊಡುವವನೇ ಇಲ್ಲ; ಹಾಗಾಗಿ ತೀರ್ಪೂ ಇಲ್ಲ. ಪಾತ್ರಾಪಾತ್ರ ವಿಚಾರಕ್ಕೆ ಶರಣಸಾಹಿತ್ಯ ಕೊಟ್ಟ ಕೊನೆಯ ಉತ್ತರ ಇದೇ ಇರಬೇಕು.

೬

ಸಾಹಿತ್ಯವಿಮರ್ಶೆ ಗ್ರಂಥದೊಳಗೇ ಮುಗಿಯಬೇಕೆಂದಿಲ್ಲ. ಶರಣರ ಈ ಕಾಣ್ಕೆಯನ್ನು ನಮ್ಮ ನಾಡಿನ ಮಠಗಳು ಸಂಸ್ಥೆಯ ರೂಪದಲ್ಲಿ ನಡೆಸಿಕೊಂಡು ಬರಲು ಯತ್ನಿಸಿವೆ. ಇಪ್ಪತ್ತನೆಯ ಶತಮಾನದಲ್ಲಿ ತಲೆಯೆತ್ತಿದ ಉಚಿತ ಪ್ರಸಾದನಿಲಯ ಬಡ ಹಳ್ಳಿಗಳ ಅದೆಷ್ಟೋ ಮಕ್ಕಳಿಗೆ ವಿದ್ಯೆಯ ಬಾಗಿಲು ತೆರೆಯಿತು. ೧೯೦೭ರಲ್ಲಿ ಜನಿಸಿ ೨೦೧೯ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ತುಮಕೂರಿನ ಸಮೀಪದ ಸಿದ್ಧಗಂಗೆಯಲ್ಲಿ ಜಾತಿಮತಗಳ ಭೇದವೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಆಶ್ರಯ, ಅಕ್ಷರಗಳನ್ನು ಒದಗಿಸಿದ್ದನ್ನು ನಾಡು ಕಂಡಿದೆ. ಅಲ್ಲಿ ಹಸಿವೆಯೇ ಪ್ರವೇಶಪತ್ರವಾಗಿತ್ತು.

ಆದರೆ ಸಂಸ್ಥೆ ಬೆಳೆದಂತೆ ಅದಕ್ಕೆ ತನ್ನದೇ ಆದ ಅಪಾಯಗಳೂ ಇವೆ. ದಾನಿಗಳ ಹೆಸರಿನ ಶಿಲಾಫಲಕ ಪಂಕ್ತಿಗಿಂತ ಎತ್ತರವಾಗಬಹುದು. ಉಣ್ಣುತ್ತಿರುವ ಮಗುವಿನ ಚಿತ್ರ ಉಣಿಸಿದವರ ಕೀರ್ತಿಗೆ ಸಾಮಗ್ರಿಯಾಗಬಹುದು. ಬಡತನವನ್ನು ಪದೇ ಪದೇ ಸಾಬೀತುಪಡಿಸಬೇಕಾದ ಮಗು ಅನ್ನದ ಜೊತೆಗೆ ಅವಮಾನವನ್ನೂ ನುಂಗಬೇಕಾಗಬಹುದು. ಪರಿಮಿತವಾದ ಸಾಧನಗಳಿಂದ ಅಪರಿಮಿತವಾದ ಅಗತ್ಯವನ್ನು ಪೂರೈಸಬೇಕಾದ ಆಡಳಿತಕ್ಕೆ ಲೆಕ್ಕಪತ್ರ, ವಿಚಾರಣೆಗಳು ಅನಿವಾರ್ಯವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಅಂಥ ವಿಚಾರಣೆ ಕಚೇರಿಯ ಮೇಜಿನ ಬಳಿ ನಡೆದು ಮುಗಿಯಲಿ. ಎಲೆಯ ಮುಂದೆ ಕುಳಿತವನನ್ನು ಅದು ಹಿಂಬಾಲಿಸದಿರಲಿ. ಬಡಿಸುವವರು ಲಕ್ಕಮ್ಮನವರ ಪ್ರಶ್ನೆಯನ್ನು ದಿನಕ್ಕೊಮ್ಮೆ ತಮಗೆ ತಾವೇ ಕೇಳಿಕೊಳ್ಳಲಿ: ಈ ಹೆಚ್ಚಿನ ಹಿಡಿ ಯಾವ ಮನಸ್ಸಿನಿಂದ ಬಂದಿತು?

ಸಾಹಿತ್ಯದ ವಿದ್ಯಾರ್ಥಿಗಳಿಗೆ ಒಂದು ವಿಜ್ಞಾಪನೆ. ದಾಸೋಹವನ್ನು ಕುರಿತ ವಚನಗಳನ್ನು ಓದುವಾಗ ಕೊಡುವವನ ಮಹಿಮೆಯನ್ನು ಮಾತ್ರ ಹುಡುಕಬೇಡಿರಿ. ಕೊಂಡವರ ಮಾತನ್ನೂ ಕಿವಿಗೊಟ್ಟು ಕೇಳಿರಿ. ಜಗತ್ತಿನ ಸಾಹಿತ್ಯಗಳಲ್ಲಿ ದಾನಿಗಳ ಸ್ತುತಿ ಬೇಕಾದಷ್ಟಿದೆ. ದಾನವನ್ನು ಅಳೆದು, ಸಾಕೆಂದು, ಹಿಂದಿರುಗಿಸಿ ಬನ್ನಿರೆಂದು ಹೇಳಿದ ಅಂಗಳದ ದನಿ ಅಪೂರ್ವವಾದುದು. ಕನ್ನಡದಲ್ಲಿ ಅದು ಉಳಿದುಬಂದಿದೆ. ಭಕ್ತರಿಗೆ ಹೇಳುವುದೂ ಇಷ್ಟೇ: ನಾಳೆ ಬಾಗಿಲಿಗೆ ಬಂದವನನ್ನು ಯಾರೆಂದು ಕೇಳುವ ಮಾತು ನಾಲಗೆಯ ತುದಿಗೆ ಬಂದಾಗ ಒಂದು ಗಳಿಗೆ ತಡೆಯೋಣ. ಅಷ್ಟರೊಳಗೆ ಎಲೆ ಹಾಕಿ ಆಗಿರುತ್ತದೆ.